ಫೇಜ್ ಯಾರ ಪಕ್ಷ?

ವೈಟ್‌ಫೀಲ್ಡಿನ ದೊಡ್ಡ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ, ಕಾರುಗಳ ಸಾಲಿನಾಚೆ, ಬ್ಲೋವರ್ ಯಂತ್ರ ಹಗಲೂ ರಾತ್ರಿ ಮೊರೆಯುವ ಒಂದು ಜಾಗ ಇರುತ್ತದೆ. ಅದು ಎಸ್‌ಟಿಪಿ, ಇಡೀ ಕಟ್ಟಡದ ಕೊಳಚೆ ನೀರನ್ನು ತಿಳಿಗೊಳಿಸುವ ಘಟಕ. ಕಂದು ನೀರು ತುಂಬಿದ ತೊಟ್ಟಿಗೆ ತಳದಿಂದ ಗಾಳಿ ಊದುತ್ತಾರೆ. ಆ ಗಾಳಿಯನ್ನು ಉಸಿರಾಡುತ್ತ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು ಬೆಳೆಯುತ್ತವೆ. ಘಟಕ ನೋಡಿಕೊಳ್ಳುವವರು ಅಳತೆಯ ಜಾಡಿಯಲ್ಲಿ ಒಂದಿಷ್ಟು ನೀರು ಹಿಡಿದು, ಅರ್ಧ ಗಂಟೆ ಅಲುಗಿಸದೆ ಇಟ್ಟು, ತಳದಲ್ಲಿ ಎಷ್ಟು ಕೆಸರು ಕೂತಿದೆ ಎಂದು ನೋಡುತ್ತಾರೆ. ಕೆಸರು ಚೆನ್ನಾಗಿ ಕೂತರೆ ಬ್ಯಾಕ್ಟೀರಿಯಾಗಳು ಸುಖವಾಗಿವೆ ಎಂದು ಲೆಕ್ಕ.

ಆ ಜಾಡಿಯಲ್ಲಿ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದ ಇನ್ನೊಂದು ಸಂತತಿ ಇದೆ. ಒಂದು ಮಿಲಿಲೀಟರ್ ಕೆಸರುನೀರಿನಲ್ಲಿ ಹತ್ತು ಕೋಟಿಗೂ ಮೀರಿ ವೈರಸ್ ಕಣಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಮನುಷ್ಯನ ಜೀವಕೋಶವನ್ನು ಮುಟ್ಟುವುದಿಲ್ಲ, ಬ್ಯಾಕ್ಟೀರಿಯಾಗಳನ್ನೇ ಹಿಡಿಯುತ್ತವೆ. ಇವೇ ಬ್ಯಾಕ್ಟೀರಿಯೊಫೇಜ್‌ಗಳು, ಚುಟುಕಾಗಿ ಫೇಜ್‌ಗಳು. ಭೂಮಿಯ ಮೇಲಿನ ಒಟ್ಟು ಫೇಜ್‌ಗಳನ್ನು ಬರೆಯಬೇಕಾದರೆ 1ರ ಮುಂದೆ 31 ಸೊನ್ನೆ ಹಾಕಬೇಕು ಎಂಬುದು ವಿಜ್ಞಾನಿಗಳ ಅಂದಾಜು. ನಮ್ಮ ಚರ್ಮ, ಬಾಯಿ, ಕರುಳು ಎಲ್ಲೆಡೆಯೂ ಅವು ಇವೆ.

ಬ್ಯಾಕ್ಟೀರಿಯಾ ನಮಗೆ ರೋಗ ತರುತ್ತದೆ, ಫೇಜ್ ಆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಹಾಗಾಗಿ ಫೇಜ್ ನಮ್ಮ ಮಿತ್ರ. ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಓದಲು ಸಿಗುವ ಕಥೆ ಇಷ್ಟೇ. ಈ ಲೆಕ್ಕದಲ್ಲಿ ಒಬ್ಬರು ಬಿಟ್ಟುಹೋಗಿದ್ದಾರೆ: ರೋಗಿ. ಅಂದರೆ ರೋಗಿಯ ಮೈಯೊಳಗಿನ ರೋಗನಿರೋಧಕ ವ್ಯವಸ್ಥೆ. ಫೇಜ್ ಗೆಲ್ಲುವುದೋ ಸೋಲುವುದೋ, ಉಪಕಾರ ಮಾಡುವುದೋ ಅಪಕಾರವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ಮೂರನೆಯ ಪಕ್ಷ. ಇದನ್ನು ಸಾಕಷ್ಟು ಮೊದಲೇ ಗಂಭೀರವಾಗಿ ತೆಗೆದುಕೊಂಡವರಲ್ಲಿ ಬೆಂಗಳೂರಿನ ವಿಜ್ಞಾನಿಗಳೂ ಇದ್ದಾರೆ.

ಕೊಲ್ಲುವ ಬಗೆ

ನಮ್ಮ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾವನ್ನು ಹಿಡಿಯುವ ಟಿ4 ಎಂಬ ಫೇಜ್ ಸುಮಾರು 200 ನ್ಯಾನೊಮೀಟರ್ ಉದ್ದ. ಐದು ಸಾವಿರ ಟಿ4ಗಳನ್ನು ಉದ್ದುದ್ದಕ್ಕೆ ಜೋಡಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಮೇಲೆ ಡಿಎನ್‌ಎ ತುಂಬಿದ ತಲೆ, ಕೆಳಗೆ ಕುಗ್ಗಬಲ್ಲ ಬಾಲ, ಬಾಲದ ತುದಿಯಲ್ಲಿ ಆರು ಕಾಲುಗಳು. ಕಾಲುಗಳು ಬ್ಯಾಕ್ಟೀರಿಯಾದ ಮೈಮೇಲಿನ ನಿರ್ದಿಷ್ಟ ಅಣುಗಳನ್ನು ಗುರುತಿಸಿದರೆ ಮಾತ್ರ ಮುಂದಿನ ಕೆಲಸ. ಬಾಲ ಕುಗ್ಗಿ ಒಳಗಿನ ಕೊಳವೆ ಬ್ಯಾಕ್ಟೀರಿಯಾದ ಗೋಡೆಯನ್ನು ತೂರುತ್ತದೆ, ಡಿಎನ್‌ಎ ಒಳಕ್ಕೆ ಇಳಿಯುತ್ತದೆ. ಅಲ್ಲಿಂದ ಬ್ಯಾಕ್ಟೀರಿಯಾದ ಯಂತ್ರಾಂಗವೆಲ್ಲ ಫೇಜ್ ತಯಾರಿಕೆಗೆ ದುಡಿಯುತ್ತದೆ. ಅರ್ಧ ಗಂಟೆಯ ಹೊತ್ತಿಗೆ ಎಂಡೊಲೈಸಿನ್ ಎಂಬ ಕಿಣ್ವ ಗೋಡೆಯನ್ನು ಕರಗಿಸುತ್ತದೆ, ಬ್ಯಾಕ್ಟೀರಿಯಾ ಸಿಡಿಯುತ್ತದೆ, ನೂರಾರು ಹೊಸ ಫೇಜ್‌ಗಳು ಹೊರಬೀಳುತ್ತವೆ.

ಇದನ್ನು ಬರಿಗಣ್ಣಿನಿಂದ ನೋಡುವ ಉಪಾಯವೂ ಇದೆ. ಕೊಳಚೆ ನೀರನ್ನು 0.22 ಮೈಕ್ರಾನ್ ರಂಧ್ರಗಳ ಸೋಸುಕದಲ್ಲಿ ಹಾಯಿಸಿದರೆ ಬ್ಯಾಕ್ಟೀರಿಯಾ ಮೇಲೆ ಉಳಿಯುತ್ತದೆ, ಫೇಜ್ ಕೆಳಗೆ ಇಳಿಯುತ್ತದೆ. ಸೋಸಿದ ನೀರಿನ ಒಂದೆರಡು ತೊಟ್ಟನ್ನು ರೋಗಿಯಿಂದ ತೆಗೆದ ಬ್ಯಾಕ್ಟೀರಿಯಾದ ಜತೆ ಅಗಾರ್ ಎಂಬ ಉಗುರುಬೆಚ್ಚಗಿನ ತೆಳು ಜೆಲ್ಲಿಯಲ್ಲಿ ಕಲೆಸಿ ತಟ್ಟೆಯ ಮೇಲೆ ಹರಡಿ, 37 ಡಿಗ್ರಿ ಶಾಖದಲ್ಲಿ ರಾತ್ರಿಯಿಡೀ ಇಡುತ್ತಾರೆ. ಬೆಳಿಗ್ಗೆಗೆ ತಟ್ಟೆಯ ತುಂಬ ಬ್ಯಾಕ್ಟೀರಿಯಾದ ಮಬ್ಬು ಪದರ ಬೆಳೆದಿರುತ್ತದೆ. ಅದರ ನಡುವೆ ಅಲ್ಲಲ್ಲಿ, ಸೂಜಿಮೊನೆಯಿಂದ ಹಿಡಿದು ಕೆಲವು ಮಿಲಿಮೀಟರ್‌ವರೆಗೆ, ಆರಪಾರ ಕಾಣುವ ತಿಳಿ ವೃತ್ತಗಳು. ಒಂದೊಂದು ವೃತ್ತವೂ ಒಂದೇ ಫೇಜ್‌ನಿಂದ ಶುರುವಾದ ಸಂಹಾರದ ಗುರುತು. ವೃತ್ತಗಳಿಗೆ ಪ್ಲಾಕ್ ಎನ್ನುತ್ತಾರೆ. ಅವನ್ನು ಎಣಿಸಿದರೆ ನೀರಿನಲ್ಲಿ ಆ ಬ್ಯಾಕ್ಟೀರಿಯಾವನ್ನು ಹಿಡಿಯಬಲ್ಲ ಫೇಜ್ ಎಷ್ಟಿತ್ತೆಂದು ತಿಳಿಯುತ್ತದೆ. ನೂರು ವರ್ಷ ಕಳೆದರೂ ಫೇಜ್ ವಿಜ್ಞಾನ ಈ ತಟ್ಟೆಯನ್ನು ಬಿಟ್ಟಿಲ್ಲ.

ಬ್ರಿಟನ್ನಿನ ಫ್ರೆಡರಿಕ್ ಟ್ವಾರ್ಟ್ 1915ರಲ್ಲಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ಡಿ'ಹೆರೆಲ್ 1917ರಲ್ಲಿ ಫೇಜ್‌ಗಳನ್ನು ಬೇರೆಬೇರೆಯಾಗಿ ವರದಿ ಮಾಡಿದರು. ಅದಕ್ಕೂ ಮೊದಲು, 1896ರಲ್ಲಿ, ಅರ್ನೆಸ್ಟ್ ಹ್ಯಾಂಕಿನ್ ಎಂಬ ವಿಜ್ಞಾನಿ ಗಂಗೆ ಮತ್ತು ಯಮುನೆಯ ನೀರಿನಲ್ಲಿ ಕಾಲರಾ ರೋಗಾಣುಗಳು ಬೇಗ ಸಾಯುತ್ತವೆಂದು ಬರೆದಿದ್ದ. 1920ರ ದಶಕದ ಕೊನೆಗೆ ಡಿ'ಹೆರೆಲ್ ಭಾರತಕ್ಕೇ ಬಂದು ಕಾಲರಾ ರೋಗಿಗಳಿಗೆ ಫೇಜ್ ಕೊಟ್ಟು ನೋಡಿದ. ಅಸ್ಸಾಮಿನಲ್ಲಿ ದೊಡ್ಡ ಪ್ರಮಾಣದ ಪ್ರಯೋಗ ನಡೆಯಿತು. ಆ್ಯಂಟಿಬಯೋಟಿಕ್‌ಗಳು ಬಂದ ಮೇಲೆ ಜಾರ್ಜಿಯಾದ ಟಿಬಿಲಿಸಿ, ಪೋಲೆಂಡಿನ ವ್ರೋಸ್ಲಾವ್ ಮುಂತಾದ ಕೆಲವು ಕಡೆ ಬಿಟ್ಟರೆ ಜಗತ್ತು ಫೇಜ್ ಚಿಕಿತ್ಸೆಯನ್ನು ಮರೆಯಿತು.

ಈಗ ಅದರ ನೆನಪು ಮರಳಿರುವುದಕ್ಕೆ ಕಾರಣ ಸ್ಪಷ್ಟ. ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು. ಅದರಲ್ಲಿ ಭಾರತದ ಪಾಲು ಸುಮಾರು 3 ಲಕ್ಷ.

ತುಮಕೂರು ರಸ್ತೆಯ ಪ್ರಯೋಗ

ಬೆಂಗಳೂರಿನಲ್ಲಿ ಆಸ್ಟ್ರಾ ಕಂಪನಿಯ ಸಂಶೋಧನಾ ಕೇಂದ್ರವನ್ನು ಮುನ್ನಡೆಸಿದ್ದ ಡಾ. ಜೆ. ರಾಮಚಂದ್ರನ್ 2000ದಲ್ಲಿ ಗಂಗಾಜೆನ್ ಎಂಬ ಕಂಪನಿ ಕಟ್ಟಿದರು. ಪೀಣ್ಯಕ್ಕೆ ಹೋಗುವ ತುಮಕೂರು ರಸ್ತೆಯಲ್ಲಿ, ಯಶವಂತಪುರದ ರಾಘವೇಂದ್ರ ಬಡಾವಣೆಯಲ್ಲಿ ಅದರ ಪ್ರಯೋಗಾಲಯ. ಲೇತು, ಪ್ರೆಸ್ಸು, ಲಾರಿಗಳ ಸದ್ದಿನ ಆ ಸೀಮೆಯಲ್ಲಿ ಕುಳಿತು ಈ ತಂಡ ಫೇಜ್‌ಗಳನ್ನು ಔಷಧಿಯಾಗಿಸುವ ಕೆಲಸಕ್ಕೆ ಕೈಹಾಕಿತು. ಅವರ ಗುರಿಯಲ್ಲೊಂದು ಸ್ಟ್ಯಾಫಿಲೊಕಾಕಸ್ ಆರಿಯಸ್. ಹಲವರ ಮೂಗಿನಲ್ಲಿ ತಣ್ಣಗೆ ಕುಳಿತಿರುವ, ಅವಕಾಶ ಸಿಕ್ಕರೆ ಗಾಯ, ರಕ್ತ, ಮೂಳೆಗೆ ಇಳಿಯುವ ಬ್ಯಾಕ್ಟೀರಿಯಾ ಇದು. ಮೆಥಿಸಿಲಿನ್ ಎಂಬ ಆ್ಯಂಟಿಬಯೋಟಿಕ್‌ಗೂ ಜಗ್ಗದ ಅದರ ತಳಿಯ ಹೆಸರು ಎಮ್‌ಆರ್‌ಎಸ್‌ಎ.

ಅವರು ಮೊದಲು ಎದುರಿಸಿದ ಪ್ರಶ್ನೆ ಇದು: ರೋಗಿಯ ರಕ್ತದಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾ ಇರುವಾಗ ಫೇಜ್ ಕೊಟ್ಟರೆ ಅವೆಲ್ಲ ಒಟ್ಟಿಗೆ ಸಿಡಿಯುತ್ತವೆ. ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿದ್ದ ವಿಷ, ಗೋಡೆಯ ಚೂರು, ಡಿಎನ್‌ಎ ಎಲ್ಲವೂ ಒಮ್ಮೆಗೇ ರಕ್ತಕ್ಕೆ ಬೀಳುತ್ತವೆ. ನಮ್ಮ ರೋಗನಿರೋಧಕ ಕೋಶಗಳಿಗೆ ಈ ಚೂರುಗಳೇ ಅಪಾಯದ ಸೂಚನೆ. ಸೂಚನೆ ಮಿತಿಯಲ್ಲಿದ್ದರೆ ಉರಿಯೂತ ಬಂದು ಸೋಂಕು ತಗ್ಗುತ್ತದೆ. ಮಿತಿಮೀರಿದರೆ ಉರಿಯೂತವೇ ರೋಗಿಯ ರಕ್ತದೊತ್ತಡ ಕುಸಿಯುವಂತೆ ಮಾಡಿ ಜೀವ ತೆಗೆಯಬಹುದು. ಬ್ಯಾಕ್ಟೀರಿಯಾ ಸಾಯಬೇಕು, ಸಿಡಿಯಬಾರದು. ಇದು ಸಾಧ್ಯವೇ?

ಗಂಗಾಜೆನ್ ತಂಡ 2011ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಉತ್ತರ. ಪಿ954 ಎಂಬ ಸ್ಟ್ಯಾಫಿಲೊಕಾಕಸ್ ಫೇಜ್‌ನಲ್ಲಿ ಎಂಡೊಲೈಸಿನ್ ಜೀನ್‌ನ ನಡುವೆ ಬೇರೊಂದು ಜೀನ್ ತೂರಿಸಿ ಅದನ್ನು ಕೆಡಿಸಿದರು. ಈ ಫೇಜ್ ಬ್ಯಾಕ್ಟೀರಿಯಾವನ್ನು ಹೊಕ್ಕು ಕೊಲ್ಲುತ್ತದೆ, ಆದರೆ ಗೋಡೆ ಒಡೆಯಲಾರದು. ಮರಿ ಫೇಜ್‌ಗಳನ್ನು ಹೊರತೆಗೆಯಲು ಪ್ರಯೋಗಾಲಯದಲ್ಲಿ ಗಾಜಿನ ಮಣಿಗಳ ಜತೆ ಅಲ್ಲಾಡಿಸಿ ಬ್ಯಾಕ್ಟೀರಿಯಾವನ್ನು ಒಡೆಯಬೇಕಾಯಿತು. ತಟ್ಟೆಯ ಮೇಲೆ ಪ್ಲಾಕ್ ಮೂಡಿದ್ದು ಎಂಡೊಲೈಸಿನ್ ಅನ್ನು ಹೊರಗಿನಿಂದ ಬೆರೆಸಿದಾಗ ಮಾತ್ರ. ಆಮೇಲೆ ರೋಗನಿರೋಧಕ ಶಕ್ತಿ ಕುಗ್ಗಿಸಿದ ಇಲಿಗಳಿಗೆ, ನೂರಕ್ಕೆ ಎಂಬತ್ತು ಸಾಯುವಷ್ಟು ಸ್ಟ್ಯಾಫಿಲೊಕಾಕಸ್ ಚುಚ್ಚಿ, ಈ ಫೇಜ್ ಕೊಟ್ಟರು. ಇಲಿಗಳು ಬದುಕಿದವು.

ಅದೇ ವರ್ಷ ಅವರ ಇನ್ನೊಂದು ಕೆಲಸವೂ ಪ್ರಕಟವಾಯಿತು. ಅದರಲ್ಲಿ ಇಡೀ ಫೇಜ್ ಬೇಕಾಗಿಯೇ ಇಲ್ಲ. ಅನೇಕ ಬಗೆಯ ಸ್ಟ್ಯಾಫಿಲೊಕಾಕಸ್‌ಗಳನ್ನು ಹಿಡಿಯುವ ‘ಫೇಜ್ ಕೆ’ ಬ್ಯಾಕ್ಟೀರಿಯಾದ ಮೇಲೆ ಕುಳಿತಾಗ ಬಾಲದಲ್ಲಿರುವ ಒಂದು ಕಿಣ್ವದಿಂದ ಗೋಡೆಯನ್ನು ಕೊರೆಯುತ್ತದೆ. ಆ ಕಿಣ್ವದ ಕೊರೆಯುವ ಭಾಗವನ್ನಷ್ಟೇ ತೆಗೆದು, ಸ್ಟ್ಯಾಫಿಲೊಕಾಕಸ್ ಗೋಡೆಗೆ ಅಂಟುವ ಬೇರೊಂದು ಪ್ರೋಟೀನ್ ತುಣುಕಿಗೆ ಜೋಡಿಸಿದರು. ಒಂದು ಕತ್ತಿಯ ಅಲಗಿಗೆ ಇನ್ನೊಂದು ಕತ್ತಿಯ ಹಿಡಿ ಹಾಕಿದಂತೆ. ಪಿ128 ಎಂಬ ಈ ಪ್ರೋಟೀನ್ ಎಮ್‌ಆರ್‌ಎಸ್‌ಎ ತಳಿಗಳನ್ನೂ ಕೊಂದಿತು, ಪ್ರಯೋಗದ ಇಲಿಗಳ ಮೂಗಿನಲ್ಲಿ ನೆಲೆಸಿದ್ದ ಸ್ಟ್ಯಾಫಿಲೊಕಾಕಸ್ ಅನ್ನು ತೆರವು ಮಾಡಿತು. ಮುಂದೆ ಮನುಷ್ಯರ ಮೂಗಿನಲ್ಲಿ ಅದರ ಸುರಕ್ಷತೆಯ ಪರೀಕ್ಷೆ ಸಿಂಗಪುರದಲ್ಲಿ ನಡೆಯಿತು. ಪ್ರೋಟೀನ್‌ಗೆ ತೂಕವಿದೆ, ಅಳತೆಯಿದೆ. ಇಷ್ಟು ಮಿಲಿಗ್ರಾಂ ಎಂದು ವೈದ್ಯರು ಚೀಟಿ ಬರೆಯಬಹುದು. ಮೈಯೊಳಗೆ ತಾನೇ ಹೆಚ್ಚುವ ಫೇಜ್‌ಗೆ ಹಾಗೆ ಪ್ರಮಾಣ ಗೊತ್ತುಮಾಡುವುದು ಕಷ್ಟ.

ಮೈಯೂ ಕೈಜೋಡಿಸಬೇಕು

ಫೇಜ್ ಕೊಟ್ಟರೆ ಸಾಕು, ಉಳಿದದ್ದು ಅದೇ ನೋಡಿಕೊಳ್ಳುತ್ತದೆ ಎನ್ನುವ ಭಾವನೆಗೆ 2017ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಪ್ರಯೋಗವೊಂದು ಪೆಟ್ಟು ಕೊಟ್ಟಿತು. ಡ್ವೇನ್ ರೋಚ್, ಲಾರಾಂ ದೆಬಾರ್ಬಿಯೊ ಮತ್ತು ಸಂಗಡಿಗರು ಇಲಿಗಳ ಶ್ವಾಸಕೋಶಕ್ಕೆ ಸ್ಯೂಡೊಮೊನಾಸ್ ಏರುಜಿನೋಸಾ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿಸಿ ಫೇಜ್ ಕೊಟ್ಟರು. ಆರೋಗ್ಯವಂತ ಇಲಿಗಳು ಗುಣವಾದವು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ತೆಗೆದ ಇಲಿಗಳಲ್ಲಿ ಅದೇ ಫೇಜ್ ಕೈಕೊಟ್ಟಿತು. ಕಾರಣ ಸರಳ. ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಕೆಲವಕ್ಕೆ ಫೇಜ್ ಅಂಟುವ ಅಣು ಆಕಸ್ಮಿಕವಾಗಿ ಬದಲಾಗಿರುತ್ತದೆ. ಉಳಿದವೆಲ್ಲ ಸತ್ತ ಮೇಲೆ ಇವು ಬೆಳೆಯುತ್ತವೆ. ಆರೋಗ್ಯವಂತ ಇಲಿಯಲ್ಲಿ ಹೀಗೆ ತಪ್ಪಿಸಿಕೊಂಡ ಬೆರಳೆಣಿಕೆಯಷ್ಟನ್ನು ನ್ಯೂಟ್ರೋಫಿಲ್‌ಗಳು ನುಂಗಿ ಮುಗಿಸುತ್ತವೆ. ಫೇಜ್ ಹಿಂಡನ್ನು ಕಡಿಮೆ ಮಾಡುತ್ತದೆ, ಉಳಿದದ್ದನ್ನು ಮೈ ಗುಡಿಸುತ್ತದೆ. ಇಬ್ಬರೂ ಸೇರಿದರೇ ಗೆಲುವು.

ಆದರೆ ಮೈಗೆ ಫೇಜ್ ಕೂಡ ಹೊರಗಿನ ವಸ್ತುವೇ. ಅದರ ವಿರುದ್ಧ ಪ್ರತಿಕಾಯಗಳು ಹುಟ್ಟುತ್ತವೆ. ಎಷ್ಟು ನೆಚ್ಚಿಕೊಳ್ಳಬಹುದಾದ ಪ್ರತಿಕ್ರಿಯೆಯೆಂದರೆ, ಅಮೆರಿಕದ ವೈದ್ಯರು ಕೆಲವು ದಶಕಗಳಿಂದ ಫೈಎಕ್ಸ್174 ಎಂಬ ನಿರಪಾಯಕಾರಿ ಫೇಜ್ ಅನ್ನು ರಕ್ತನಾಳಕ್ಕೆ ಚುಚ್ಚಿ, ಪ್ರತಿಕಾಯ ಸರಿಯಾಗಿ ಹುಟ್ಟುತ್ತದೆಯೇ ಎಂದು ನೋಡಿ, ಮಕ್ಕಳ ಜನ್ಮಜಾತ ರೋಗನಿರೋಧಕ ಕೊರತೆಯನ್ನು ಅಳೆದಿದ್ದಾರೆ.

ಇದರ ಪರಿಣಾಮವನ್ನು ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಲಂಡನ್ನಿನಲ್ಲಿ ಎರಡೂ ಶ್ವಾಸಕೋಶಗಳ ಕಸಿ ಮಾಡಿಸಿಕೊಂಡ 15 ವರ್ಷದ ಹುಡುಗಿಗೆ ಯಾವ ಔಷಧಿಗೂ ಬಗ್ಗದ ಮೈಕೊಬ್ಯಾಕ್ಟೀರಿಯಂ ಆಬ್‌ಸೆಸಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಿತ್ತು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ತಮ್ಮ ಫೇಜ್ ಸಂಗ್ರಹದಿಂದ ಮೂರನ್ನು ಹುಡುಕಿಕೊಟ್ಟರು. ಅವುಗಳಲ್ಲಿ ಮಡ್ಡಿ ಎಂಬುದು ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಕೊಳೆತ ಬದನೆಕಾಯಿಯೊಂದರಿಂದ ಸಿಕ್ಕಿದ್ದು. 2018ರಲ್ಲಿ ಫೇಜ್ ಚಿಕಿತ್ಸೆ ಶುರುವಾಯಿತು, ಹುಡುಗಿ ಚೇತರಿಸಿಕೊಂಡಳು. ಕಸಿ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಆಕೆಯ ರೋಗನಿರೋಧಕ ಶಕ್ತಿಯನ್ನು ಔಷಧಿಯಿಂದ ತಗ್ಗಿಸಲಾಗಿತ್ತು, ಫೇಜ್‌ಗಳನ್ನು ತಡೆಯುವ ಪ್ರತಿಕಾಯಗಳು ಆಕೆಯಲ್ಲಿ ಕಾಣಲಿಲ್ಲ. ಅದೇ ಮೂರು ಫೇಜ್‌ಗಳನ್ನು ಅದೇ ಜಾತಿಯ ಸೋಂಕಿದ್ದ 81 ವರ್ಷದ, ರೋಗನಿರೋಧಕ ಶಕ್ತಿ ಸರಿಯಿದ್ದ ರೋಗಿಯೊಬ್ಬರಿಗೂ ಕೊಡಲಾಯಿತು. ಮೊದಲ ತಿಂಗಳು ಬ್ಯಾಕ್ಟೀರಿಯಾ ಇಳಿಯಿತು. ಎರಡನೆಯ ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯಗಳು ಏರಿ ಫೇಜ್‌ಗಳನ್ನು ನಿಷ್ಕ್ರಿಯಗೊಳಿಸಿದವು, ಬ್ಯಾಕ್ಟೀರಿಯಾ ಮತ್ತೆ ತಲೆಯೆತ್ತಿತು. ಫೇಜ್ ಬದಲಾಗಿರಲಿಲ್ಲ, ಬದಲಾದದ್ದು ಮೈ.

ಪ್ರತಿಕಾಯಗಳೇ ಇಲ್ಲದ ಪ್ರಾಣಿಯಲ್ಲಿ ಏನಾಗುತ್ತದೆ? ಕರ್ನಾಟಕದಲ್ಲಿ ಅದಕ್ಕೂ ಉದಾಹರಣೆ ಇದೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಮತ್ತು ಸಹೋದ್ಯೋಗಿಗಳು ಸಿಗಡಿ ಮರಿಗಳನ್ನು ಕೊಲ್ಲುವ ವಿಬ್ರಿಯೊ ಹಾರ್ವೆಯಿ ಬ್ಯಾಕ್ಟೀರಿಯಾಕ್ಕೆ ಫೇಜ್ ಹುಡುಕಿ, ಮರಿಕೇಂದ್ರದ ತೊಟ್ಟಿಗಳಲ್ಲಿ ಬಳಸಿ, 2006-07ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ್ಯಂಟಿಬಯೋಟಿಕ್ ಹಾಕಿದ ತೊಟ್ಟಿಗಳಿಗಿಂತ ಫೇಜ್ ಹಾಕಿದ ತೊಟ್ಟಿಗಳಲ್ಲಿ ಹೆಚ್ಚು ಮರಿಗಳು ಉಳಿದವು. ಸಿಗಡಿಯಂಥ ಬೆನ್ನುಮೂಳೆಯಿಲ್ಲದ ಜೀವಿಗಳಲ್ಲಿ ಪ್ರತಿಕಾಯಗಳು ಹುಟ್ಟುವುದಿಲ್ಲ. ಮನುಷ್ಯನ ಚಿಕಿತ್ಸೆಯಲ್ಲಿ ಎದುರಾಗುವ ಆ ಒಂದು ತಡೆ ಅಲ್ಲಿಲ್ಲ.

ಶತ್ರುಪಾಳೆಯದ ಫೇಜ್

ಇಲ್ಲಿಯವರೆಗೆ ನೋಡಿದ್ದು ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜ್‌ಗಳನ್ನು, ಬ್ಯಾಕ್ಟೀರಿಯಾಕ್ಕೇ ನೆರವಾಗುವ ಫೇಜ್‌ಗಳೂ ಇವೆ. ಪೀಣ್ಯದ ಲೇತು ಶೆಡ್ಡುಗಳಲ್ಲಿ ದುಡಿದವರಿಗೆ ಸೋಮವಾರ ಬೆಳಗಿನ ವಾಸನೆ ಗೊತ್ತು. ಲೋಹ ಕೊರೆಯುವಾಗ ಸುರಿಯುವ ಹಾಲುಬಣ್ಣದ ಕೂಲಂಟ್, ಎಣ್ಣೆ ಮತ್ತು ನೀರಿನ ಮಿಶ್ರಣ. ಅದರಲ್ಲಿ ಸ್ಯೂಡೊಮೊನಾಸ್ ಕುಲದ ಬ್ಯಾಕ್ಟೀರಿಯಾಗಳು ಸೊಂಪಾಗಿ ಬೆಳೆಯುತ್ತವೆ. ಭಾನುವಾರ ಯಂತ್ರ ನಿಂತಾಗ ಅವು ಆಮ್ಲಜನಕವನ್ನೆಲ್ಲ ಬಳಸಿ ಮುಗಿಸುತ್ತವೆ, ಗಾಳಿ ಬೇಡದ ಇತರ ಬ್ಯಾಕ್ಟೀರಿಯಾಗಳು ಚಿಗುರಿ ಕೊಳೆತ ಮೊಟ್ಟೆಯ ನಾತ ಹೊರಡಿಸುತ್ತವೆ. ಎಣ್ಣೆಯಲ್ಲೂ ಬದುಕಬಲ್ಲ ಈ ಕುಲದ ಸ್ಯೂಡೊಮೊನಾಸ್ ಏರುಜಿನೋಸಾ ಸುಟ್ಟಗಾಯ, ಮೂತ್ರದ ಕೊಳವೆ, ಸಕ್ಕರೆ ಕಾಯಿಲೆಯವರ ಕಾಲಿನ ವಾಸಿಯಾಗದ ಹುಣ್ಣುಗಳಲ್ಲಿ ವೈದ್ಯರನ್ನು ಸತಾಯಿಸುತ್ತದೆ.

ಅದರ ಅನೇಕ ತಳಿಗಳೊಳಗೆ ಪಿಎಫ್ ಎಂಬ ದಾರದಾಕಾರದ ಫೇಜ್ ವಾಸವಾಗಿದೆ. ಇದು ತನ್ನ ಮನೆಯನ್ನು ಸಿಡಿಸುವುದಿಲ್ಲ. ಬ್ಯಾಕ್ಟೀರಿಯಾ ಬದುಕಿರುವಾಗಲೇ ಹೊರಕ್ಕೆ ನೂಲಿನಂತೆ ಜಾರುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಾಲ್ ಬೊಲ್ಲಿಕಿ ಅವರ ತಂಡ 2019ರಲ್ಲಿ ಪ್ರಕಟಿಸಿದ ಸಂಗತಿ ಫೇಜ್‌ಗಳ ಬಗ್ಗೆ ನಮ್ಮ ತಿಳಿವಳಿಕೆಯನ್ನು ತಿರುವಿಹಾಕಿತು. ಬ್ಯಾಕ್ಟೀರಿಯಾ ನುಂಗಲು ಬಂದ ಬಿಳಿ ರಕ್ತಕಣ ಪಿಎಫ್ ಅನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಒಳಗೆ ವೈರಸ್‌ನ ಆರ್‌ಎನ್‌ಎ ಕಂಡೊಡನೆ ಅದು ಇಂಟರ್ಫೆರಾನ್ ಎಂಬ ಪ್ರೋಟೀನ್ ಹೊರಡಿಸಿ ವೈರಸ್ ವಿರುದ್ಧದ ಸಿದ್ಧತೆಗೆ ತೊಡಗುತ್ತದೆ. ಆ ಸಿದ್ಧತೆಯಲ್ಲಿ ಬ್ಯಾಕ್ಟೀರಿಯಾ ನುಂಗುವ ಕೆಲಸ ಹಿಂದೆ ಬೀಳುತ್ತದೆ. ಎದುರಿಗಿರುವುದು ಬ್ಯಾಕ್ಟೀರಿಯಾ, ಮೈ ಹೋರಾಡುತ್ತಿರುವುದು ವೈರಸ್ ಜತೆ. ಗಾಯ ಹಾಗೆಯೇ ಉಳಿಯುತ್ತದೆ. ಪಿಎಫ್ ವಿರುದ್ಧವೇ ಲಸಿಕೆ ಹಾಕಿದ ಇಲಿಗಳಲ್ಲಿ ಗಾಯದ ಸ್ಯೂಡೊಮೊನಾಸ್ ಸೋಂಕು ಕಡಿಮೆಯಾಯಿತು.

ಕಾಲರಾದ ವಿಷವೂ ಫೇಜ್‌ನ ಕೊಡುಗೆಯೇ. ಕಾಲರಾ ಬ್ಯಾಕ್ಟೀರಿಯಾ ವಿಷ ಸ್ರವಿಸಿ ಭೇದಿ ತರಿಸುತ್ತದೆಂದು ಕೋಲ್ಕತ್ತಾದ ಶಂಭುನಾಥ ಡೇ 1959ರಲ್ಲಿ ತೋರಿಸಿದ್ದರು. ಆ ವಿಷದ ಜೀನ್ ಬ್ಯಾಕ್ಟೀರಿಯಾದ ಸ್ವಂತದ್ದಲ್ಲ, ಅದರೊಳಗೆ ಮನೆಮಾಡಿದ ಫೇಜ್‌ನದು ಎಂದು ಅಮೆರಿಕದ ಮ್ಯಾಥ್ಯೂ ವಾಲ್ಡರ್ ಮತ್ತು ಜಾನ್ ಮೆಕಲನೋಸ್ 1996ರಲ್ಲಿ ಕಂಡುಕೊಂಡರು. ಡಿಫ್ತೀರಿಯಾದ ವಿಷಕ್ಕೂ ಫೇಜೇ ಮೂಲ. ಡಿ'ಹೆರೆಲ್ ಕಾಲರಾ ರೋಗಿಗೆ ಕುಡಿಸಿದ್ದು ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜ್, ಆ ರೋಗಿಯನ್ನು ಮಲಗಿಸಿದ್ದು ಬ್ಯಾಕ್ಟೀರಿಯಾಕ್ಕೆ ವಿಷ ಕೊಟ್ಟ ಇನ್ನೊಂದು ಫೇಜ್.

ಇಷ್ಟಾದರೂ ನಮ್ಮ ನಿತ್ಯದ ಬದುಕು ಫೇಜ್‌ಗಳ ಜತೆಯಲ್ಲೇ ನಡೆಯುತ್ತದೆ. ಕರುಳಿನ ಲೋಳೆಪದರದಲ್ಲಿ ಅವು ಅಂಟಿಕೊಂಡಿದ್ದು, ಗೋಡೆಯ ಬಳಿ ಬರುವ ಬ್ಯಾಕ್ಟೀರಿಯಾವನ್ನು ಹಿಡಿಯುತ್ತವೆಂದು ಜೆರೆಮಿ ಬಾರ್ ಮತ್ತು ಸಂಗಡಿಗರು 2013ರಲ್ಲಿ ವಿವರಿಸಿದರು. ದಿನಕ್ಕೆ ಸುಮಾರು 3100 ಕೋಟಿ ಫೇಜ್‌ಗಳು ಕರುಳಿನ ಕೋಶಗಳ ಮೂಲಕ ಮೈಯೊಳಕ್ಕೆ ದಾಟುತ್ತವೆಂಬುದು ಬಾರ್ ಅವರೂ ಇದ್ದ ತಂಡದ 2017ರ ಅಂದಾಜು. ಮೈ ಇವನ್ನು ದಿನವೂ ಸಂಭಾಳಿಸುತ್ತಿದೆ.

ನಾವು ಕಟ್ಟಬೇಕಾದ್ದು

ಫೇಜ್ ಯಾರ ಪಕ್ಷ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು: ಅದು ತನ್ನ ಸಂತತಿಯ ಪಕ್ಷ. ಬ್ಯಾಕ್ಟೀರಿಯಾವನ್ನು ಸಿಡಿಸಿದರೆ ಸಂತತಿ ಬೆಳೆಯುವುದಾದರೆ ಸಿಡಿಸುತ್ತದೆ, ಕಾಪಾಡಿದರೆ ಬೆಳೆಯುವುದಾದರೆ ಕಾಪಾಡುತ್ತದೆ. ಅದನ್ನು ನಮ್ಮ ಕಡೆಗೆ ತಿರುಗಿಸುವುದು ವೈದ್ಯಕೀಯದ ಕೆಲಸ, ಆ ಕೆಲಸ ಮೂರು ವಿಷಯಗಳನ್ನು ಒಟ್ಟಿಗೆ ನೋಡದೆ ಆಗುವುದಿಲ್ಲ. ಯಾವ ಬ್ಯಾಕ್ಟೀರಿಯಾ, ಯಾವ ಫೇಜ್, ಎಂಥ ಮೈ. ಆಯ್ದ ಫೇಜ್‌ನಲ್ಲಿ ವಿಷದ ಜೀನ್ ಇದೆಯೇ ಎಂದು ಇಡೀ ಜೀನೋಮ್ ಓದಿ ನೋಡಬೇಕು. ರೋಗಿಯ ರಕ್ತದಲ್ಲಿ ಆ ಫೇಜ್ ವಿರುದ್ಧ ಪ್ರತಿಕಾಯ ಏರುತ್ತಿದೆಯೇ ಎಂದು ಚಿಕಿತ್ಸೆಯ ಉದ್ದಕ್ಕೂ ಅಳೆಯಬೇಕು. ನ್ಯೂಟ್ರೋಫಿಲ್ ಎಷ್ಟಿದೆ ಎಂದು ತಿಳಿಯಬೇಕು.

ಬೆಂಗಳೂರಿನ ಹೊರವಲಯದಲ್ಲಿ ಇದಕ್ಕೆ ಬೇಕಾದ್ದು ಬಹುಪಾಲು ಇದೆ. ಎಲೆಕ್ಟ್ರಾನಿಕ್ ಸಿಟಿಯ ಹೆಲಿಕ್ಸ್ ಬಯೊಟೆಕ್ ಪಾರ್ಕಿನಲ್ಲಿ ಜೀನೋಮ್ ಓದುವ ವಿದ್ಯೆ ಕಲಿಸುವ ಐಬಿಎಬಿ ಸಂಸ್ಥೆ, ಹೊಸ ಕಂಪನಿಗಳಿಗೆ ಪ್ರಯೋಗಾಲಯ ಕೊಡುವ ಬೆಂಗಳೂರು ಬಯೊಇನ್ನೊವೇಶನ್ ಸೆಂಟರ್ ಇವೆ. ಹೊಸೂರು ರಸ್ತೆಯಲ್ಲಿ, ವೈಟ್‌ಫೀಲ್ಡಿನಲ್ಲಿ ದೊಡ್ಡ ಆಸ್ಪತ್ರೆಗಳಿವೆ. ಫೇಜ್ ಹುಡುಕಲು ಕೊಳಚೆ ನೀರಿಗಂತೂ ಬರವಿಲ್ಲ. ಇಲ್ಲದಿರುವುದು ಇವನ್ನೆಲ್ಲ ಬೆಸೆಯುವ ಸಾರ್ವಜನಿಕ ಫೇಜ್ ಭಂಡಾರ ಮತ್ತು ಅದನ್ನು ರೋಗಿಗೆ ತಲುಪಿಸುವ ಸ್ಪಷ್ಟ ನಿಯಮ. ಬೆಲ್ಜಿಯಂ 2018ರಿಂದ ವೈದ್ಯರ ಚೀಟಿಯ ಮೇಲೆ ಒಬ್ಬೊಬ್ಬ ರೋಗಿಗೆ ಬೇಕಾದ ಫೇಜ್ ತಯಾರಿಸಿಕೊಡುವ ವ್ಯವಸ್ಥೆ ಮಾಡಿಕೊಂಡಿದೆ. ಕರ್ನಾಟಕ ಆ ದಾರಿಯಲ್ಲಿ ಮೊದಲ ಹೆಜ್ಜೆ ಇಡಬಲ್ಲದು, ಇಡಬೇಕು.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಮನವಿ. ನೆಗಡಿ-ಜ್ವರಕ್ಕೆ ಮೆಡಿಕಲ್ ಶಾಪಿನಲ್ಲಿ ಕೇಳಿ ಆ್ಯಂಟಿಬಯೋಟಿಕ್ ನುಂಗಬೇಡಿ. ವೈದ್ಯರು ಬರೆದುಕೊಟ್ಟದ್ದನ್ನು ಅವರು ಹೇಳಿದಷ್ಟು ದಿನ ತೆಗೆದುಕೊಳ್ಳಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರ ಪಾದಗಳನ್ನು ದಿನವೂ ನೋಡಿ, ವಾಸಿಯಾಗದ ಗಾಯ ಕಂಡರೆ ಕೂಡಲೇ ವೈದ್ಯರಿಗೆ ತೋರಿಸಿ. ಫೇಜ್ ಚಿಕಿತ್ಸೆ ನಾಳೆ ಬಂದರೂ ಅದರ ಜತೆ ದುಡಿಯಬೇಕಾದ್ದು ನಿಮ್ಮ ಮೈಯ ರೋಗನಿರೋಧಕ ಶಕ್ತಿಯೇ.